ಸೇವಾಸಂಸ್ಥೆಯೂ ಸರಕಾರವೂ: ಕರಾರಿನ ಧರ್ಮ



ಲೋಕೋಪಕಾರಕ್ಕಾಗಿ ಹುಟ್ಟಿದ ಸಂಸ್ಥೆಗೂ ಪ್ರಜಾಪಾಲನೆಗಾಗಿ ಇರುವ ಸರಕಾರಕ್ಕೂ ಗುರಿಯೊಂದೇ. ಆದರೂ ಇವೆರಡೂ ಕೂಡಿ ಕಾರ್ಯಕ್ಕಿಳಿದಾಗ ಮನಸ್ತಾಪವು ಹುಟ್ಟುವುದೇತಕ್ಕೆ? ವಿಚಾರಿಸಿ ನೋಡಿದರೆ, ದೋಷವು ಬಹುಮಟ್ಟಿಗೆ ಉದ್ದೇಶದಲ್ಲಿಲ್ಲ, ಕರಾರಿನಲ್ಲಿದೆ.

ಈ ಕೂಟವು ಹೊಸತಲ್ಲ. 1854ರ ವುಡ್ ಸಾಹೇಬರ ಶಿಕ್ಷಣ ಆಜ್ಞಾಪತ್ರದಲ್ಲಿಯೇ ಖಾಸಗಿ ಶಾಲೆಗಳಿಗೆ ಸಹಾಯಧನವೆಂದೂ, ಅದನ್ನು ಪಡೆದವು ತನಿಖೆಗೆ ಒಳಪಡತಕ್ಕವೆಂದೂ ವಿಧಿಸಲ್ಪಟ್ಟಿತು. ನಮ್ಮ ನಾಡಿನ ಇನ್ನೊಂದು ನಿದರ್ಶನವು ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿದೆ. ಕುಷ್ಠರೋಗ ನಿವಾರಣೆಗಾಗಿ ಯಳಂದೂರು ತಾಲ್ಲೂಕಿನಲ್ಲಿ 1986ರಲ್ಲಿ ಡಾಕ್ಟರ್ ಎಚ್. ಸುದರ್ಶನರು ಸ್ಥಾಪಿಸಿದ ಕರುಣಾ ಟ್ರಸ್ಟಿಗೆ, ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರಕಾರವು ನಡೆಸಲು ವಹಿಸಿತು. ಕೇಂದ್ರವು ಸರಕಾರದ್ದು, ನಿರ್ವಾಹವು ಸಂಸ್ಥೆಯದು, ಚಿಕಿತ್ಸೆಯು ಉಚಿತ.

ಇಂಥ ಕರಾರಿನಲ್ಲಿ ಎರಡೇ ಪಕ್ಷಗಳೆಂದು ತೋರುವುದು, ನಿಜವಾಗಿ ಮೂರುಂಟು. ಮೂರನೆಯದು, ಹೆರಿಗೆಯ ನೋವಿನಿಂದ ನಡುರಾತ್ರಿಯಲ್ಲಿ ಬರುವ ಬಡತಾಯಿ. ಆಕೆಯ ರುಜುವು ಕಾಗದದ ಮೇಲಿಲ್ಲ. ಕರಾರಾದರೋ ಆಕೆಗಾಗಿಯೇ ಇರುವುದು.

ಸಂಬಳವು ತಿಂಗಳು ತಿಂಗಳೂ ಕೊಡತಕ್ಕುದು. ಅನುದಾನವೋ ಕಂತುಗಳಲ್ಲಿ ಬರತಕ್ಕುದು. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರವು ಅಂಗೀಕೃತವಾಗದೆ ಮುಂದಿನದು ಬಿಡುಗಡೆಯಾಗದು. ಕಡತವು ಒಂದು ಮೇಜಿನ ಮೇಲೆ ನಿಂತರೆ ದಾದಿಯ ಸಂಬಳವು ನಿಲ್ಲುವುದು. ಸಂಬಳವು ನಿಂತರೆ ಅವಳು ಬೇರೆಡೆಗೆ ಹೋಗುವಳು. ಬಂದ ತಾಯಿಗೆ ಬಾಗಿಲು ತೆರೆಯುವವರಿಲ್ಲ. ದೊಡ್ಡ ಸಂಸ್ಥೆಯು ಸಾಲ ಮಾಡಿ ತಾಳಿಕೊಂಡೀತು, ಚಿಕ್ಕದು ಮುಚ್ಚಿಹೋದೀತು.

ಆದುದರಿಂದ ಸರಕಾರವು ಮೊದಲ ಕಂತನ್ನು ಕೆಲಸಕ್ಕೆ ಮುಂಚಿತವಾಗಿಯೇ ಕೊಡತಕ್ಕುದು. 2011ರ ಸಕಾಲ ಕಾಯಿದೆಯು ಪ್ರಜೆಯ ಅರ್ಜಿಗೆ ಗಡುವನ್ನು ಕಟ್ಟಿ, ತಡವಾದರೆ ದಿನಕ್ಕೆ 20 ರೂಪಾಯಿನ ಪರಿಹಾರವನ್ನು ವಿಧಿಸಿತು. ಅದೇ ನ್ಯಾಯವು ಸಂಸ್ಥೆಯ ಕಂತಿಗೂ ಸಲ್ಲಬೇಕು. ಸಾಮಾನು ಕೊಳ್ಳುವಲ್ಲಿ ಕಡಮೆ ದರದ ಟೆಂಡರು ತಕ್ಕುದಾಗಿರಬಹುದು. ಸೇವೆಗೆ ಅದೊಂದೇ ಅಳತೆಗೋಲಾಗಲಾರದು. ಕರಾರು ಮುಗಿಯುವಾಗ, ಹೊಸಬರು ಕಾರ್ಯವನ್ನು ವಹಿಸಿಕೊಳ್ಳುವವರೆಗೆ ಹಳಬರು ಬಿಟ್ಟುಹೋಗದಂತೆಯೂ, ಅವರ ವೆಚ್ಚವು ನಿಲ್ಲದಂತೆಯೂ ನಿಬಂಧನೆಯಿರಬೇಕು.

ಸಂಸ್ಥೆಯ ಹೊಣೆಯೂ ಕಿರಿದಲ್ಲ. ಒಂದು ಕಾರ್ಯಕ್ಕೆ ಬಂದ ಹಣವು, ಎಷ್ಟೇ ಪುಣ್ಯದ್ದಾಗಿರಲಿ, ಇನ್ನೊಂದು ಕಾರ್ಯಕ್ಕೆ ಹರಿಯಕೂಡದು. ಲೆಕ್ಕವು ಅಧಿಕಾರಿಗೆ ಮಾತ್ರವಲ್ಲದೆ ಊರಿನವರಿಗೂ ಓದಿ ಹೇಳಲ್ಪಡಬೇಕು. ನಿರ್ವಹಿಸಲಾಗದ ಕೆಲಸವನ್ನು ಕೀರ್ತಿಗಾಗಿ ಒಪ್ಪಿಕೊಳ್ಳದೆ ವಿನಯದಿಂದ ಬಿಡಬೇಕು. ಸೇವೆಯೆಂಬ ಹೆಸರು ಲೆಕ್ಕ ಕೊಡುವುದರಿಂದ ಬಿಡುಗಡೆಯಲ್ಲ.

ಸರಕಾರವು ಕೊಡುವುದು ಭಿಕ್ಷೆಯಲ್ಲ, ಪ್ರಜೆಗಳ ಹಣ. ಸಂಸ್ಥೆಯು ಮಾಡುವುದು ಊಳಿಗವಲ್ಲ, ಪ್ರಜೆಗಳ ಕಾಯಕ. ರುಜು ಹಾಕುವ ಎರಡು ಕೈಗಳೂ ಆ ಮೂರನೆಯ ಪಕ್ಷದ ತಾಯಿಯನ್ನು ನೆನೆದು ಲೇಖನಿ ಹಿಡಿದರೆ, ಕರಾರು ಬರಿಯ ಕಾಗದವಾಗಿ ಉಳಿಯದು.