ಗಾಳಿ ಕಾಯ್ದ ಗ್ರಂಥಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸದ ಮೇಲೆ ದಕ್ಷಿಣ ಕೊರಿಯಾಕ್ಕೆ ಹೋಗಿದ್ದಾಗ, ಒಂದು ಭಾನುವಾರ ಗಯಾ ಬೆಟ್ಟದ ಹೆಯಿನ್ಸಾ ಬೌದ್ಧ ದೇವಾಲಯ ನೋಡಿ ಬಂದೆ. ದಾರಿಯುದ್ದಕ್ಕೂ ಪೈನ್ ಮರಗಳು, ಪಕ್ಕದಲ್ಲೇ ಹೊಳೆ. ಮೆಟ್ಟಿಲು ಹತ್ತಿದರೆ, ಬುದ್ಧನ ಗುಡಿಗಿಂತಲೂ ಎತ್ತರದಲ್ಲಿ ಗ್ರಂಥ ಭಂಡಾರ! ಮಂಗೋಲರ ದಾಳಿಯ ಕಾಲದಲ್ಲಿ, 13ನೇ ಶತಮಾನದಲ್ಲಿ, ಬೌದ್ಧ ಗ್ರಂಥಗಳನ್ನು ಕೆತ್ತಿದ ಎಂಬತ್ತು ಸಾವಿರಕ್ಕೂ ಹೆಚ್ಚು ಮರದ ಹಲಗೆಗಳು ಅಲ್ಲಿವೆ. ಗೋಡೆಯಲ್ಲಿ ಮೇಲೊಂದು ಅಳತೆ, ಕೆಳಗೊಂದು ಅಳತೆಯ ಜಾಲರಿ ಕಿಟಕಿಗಳು. ಬೆಟ್ಟದ ಗಾಳಿ ಒಳಗೆಲ್ಲ ಸುತ್ತಾಡಿ ಹೊರಹೋಗುತ್ತದೆ. ಹಲಗೆಗಳು ಇಂದಿಗೂ ಕೆಟ್ಟಿಲ್ಲ. 1951ರ ಯುದ್ಧದಲ್ಲಿ ಅಲ್ಲಿ ಬಾಂಬ್ ಹಾಕಲು ಆದೇಶವಾದಾಗ, ವಾಯುಪಡೆಯ ಅಧಿಕಾರಿ ಕಿಮ್ ಯಂಗ್-ಹ್ವಾನ್ ಒಪ್ಪಲಿಲ್ಲ.

ಆ ಕಿಟಕಿಯಲ್ಲಿ ಇಣುಕುವಾಗ ನಮ್ಮ ಶಾಲೆಯ ಪುಸ್ತಕದ ಬೀರು ನೆನಪಾಯಿತು. ಹತ್ತನೇ ತರಗತಿಯಲ್ಲಿ ಅದರಿಂದ ಒಯ್ದ ಒಂದು ಪುಸ್ತಕವನ್ನು ನಾನು ಹಿಂದಿರುಗಿಸಲೇ ಇಲ್ಲ. ನಮ್ಮ ಮನೆಯ ಅಟ್ಟದಲ್ಲಿ ಅದನ್ನು ಗೆದ್ದಲು ತಿಂದಿತು. ಗುರುಗಳು ಒಂದು ದಿನವೂ ಕೇಳಲಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ. ತಪ್ಪಾಯಿತು, ಗುರುಗಳೇ. ಅದೇ ಪುಸ್ತಕದ ಹೊಸ ಪ್ರತಿ ತಂದಿದ್ದೇನೆ.

ಗೆಳೆಯರೇ, ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ. ಮಕ್ಕಳೇ, ಈ ಬೀರುವಿನ ಬಾಗಿಲು ದಿನವೂ ತೆರೆಯಿರಿ. ಪುಸ್ತಕಕ್ಕೂ ಗಾಳಿ ಬೇಕು, ಓದುವ ಕೈ ಬೇಕು.