/ಯುಎಸ್‌ಆರ್/ಲೋಕಲ್ ಯಾರದ್ದು?

ಊಟದ ಹೊತ್ತಾಗಿದೆ, ಹಾಗಾಗಿ ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ನಾವೇ ಕಂಪೈಲ್ ಮಾಡಿದ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ಎಲ್ಲಿಡಬೇಕು?

ಹಿಂದೊಮ್ಮೆ ಒಂದು ಸರ್ವರಿಗೆ ಒಂದು ಲೈಬ್ರರಿಯ ಹೊಸ ಆವೃತ್ತಿ ಬೇಕಾಗಿತ್ತು. ಅವಸರದಲ್ಲಿ ಪ್ರಿಫಿಕ್ಸ್ /ಯುಎಸ್‌ಆರ್ ಅಂತ ಕೊಟ್ಟು ಹಾಕಿಬಿಟ್ಟೆ. ಮೂರು ವಾರ ಸುಖವಾಗಿತ್ತು. ಒಂದು ರಾತ್ರಿ ಸೆಕ್ಯೂರಿಟಿ ಅಪ್‌ಡೇಟ್ ಬಂತು. ಪ್ಯಾಕೇಜ್ ಮ್ಯಾನೇಜರ್ ನನ್ನ ಫೈಲಿನ ಮೇಲೆ ತನ್ನದನ್ನು ಬರೆಯಿತು. ಬೆಳಿಗ್ಗೆ ನಮ್ಮ ಪ್ರೋಗ್ರಾಂ ಏಳಲೇ ಇಲ್ಲ. ತಪ್ಪು ಅದರದ್ದಲ್ಲ, ನನ್ನದು. ಬಾಡಿಗೆ ಮನೆಯ ಗೋಡೆ ಒಡೆದು ಕಪಾಟು ಕೂರಿಸಿದ್ದೆ.

/ಯುಎಸ್‌ಆರ್ ಡಿಸ್ಟ್ರಿಬ್ಯೂಷನ್ನಿನ ಸ್ವತ್ತು. ಹೆಸರಿನಲ್ಲಿ ‘ಯೂಸರ್’ ಇದೆಯಲ್ಲ ಅನ್ನುತ್ತೀರಿ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸಿನಲ್ಲಿ ಅದು ಬಳಕೆದಾರರ ಜಾಗವೇ ಆಗಿತ್ತು. ಮೊದಲ ಡಿಸ್ಕ್ ತುಂಬಿದಾಗ ಪ್ರೋಗ್ರಾಂಗಳು ಅಲ್ಲಿಗೆ ಉಕ್ಕಿ ಹರಿದವು, ಮತ್ತೆ ವಾಪಸ್ ಹೋಗಲಿಲ್ಲ. ಹೀಗಾಗಿ /ಬಿನ್ ಒಂದು, /ಯುಎಸ್‌ಆರ್/ಬಿನ್ ಇನ್ನೊಂದು. ಆ ಡಿಸ್ಕ್‌ಗಳು ಮ್ಯೂಸಿಯಂ ಸೇರಿದ ಮೇಲೂ ಈ ಎರಡು ಮನೆ ಸಂಸಾರ ನಡೆದೇ ಇತ್ತು. ಫೆಡೋರಾ 2012ರಲ್ಲಿ ಎರಡನ್ನೂ ಒಂದುಗೂಡಿಸಿತು. ಡೆಬಿಯನ್ ಅದನ್ನು ಕಡ್ಡಾಯ ಮಾಡುವ ಹೊತ್ತಿಗೆ 2023.

/ಯುಎಸ್‌ಆರ್/ಲೋಕಲ್ ಮಾತ್ರ ಯಂತ್ರ ನೋಡಿಕೊಳ್ಳುವವರದು. ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಸಿಸ್ಟಮ್ ಅಪ್‌ಡೇಟ್ ಆದಾಗ ಇಲ್ಲಿನದು ಅಳಿಸಿಹೋಗಬಾರದು. /ಆಪ್ಟ್ ಇರುವುದು ತನ್ನ ಪಾತ್ರೆ ಪಗಡೆಗಳನ್ನೆಲ್ಲ ತಾನೇ ಹೊತ್ತು ತರುವ ದೊಡ್ಡ ಸಾಫ್ಟ್‌ವೇರಿಗೆ. ಗೂಗಲ್ ಕ್ರೋಮ್ ಹೋಗಿ ಕೂರುವುದು ಅಲ್ಲೇ. (ಫ್ರೀಬಿಎಸ್‌ಡಿಯವರು ಪ್ಯಾಕೇಜುಗಳನ್ನೂ /ಯುಎಸ್‌ಆರ್/ಲೋಕಲ್‌ಗೇ ಹಾಕುತ್ತಾರೆ. ಅದು ಬೇರೆ ಊರು, ಬೇರೆ ಪದ್ಧತಿ.)

ಪೈಥಾನಿನವರೂ ಈ ಪೆಟ್ಟು ತಿಂದವರೇ. ಡೆಬಿಯನ್ 12ರಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಇಲ್ಲದೆ ಪಿಪ್ ಓಡಿಸಿದರೆ ಅದು ಒಪ್ಪುವುದಿಲ್ಲ. ಹಟ ಹಿಡಿದರೆ ಕೊಡಬೇಕಾದ ಆಯ್ಕೆಯ ಹೆಸರೇ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’. ಇಷ್ಟು ಪ್ರಾಮಾಣಿಕ ಹೆಸರು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಂತ /ಯುಎಸ್‌ಆರ್/ಲೋಕಲ್‌ಗೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ಸಾಮಾನ್ಯವಾಗಿ ಪಾತ್ ಹುಡುಕಾಟದಲ್ಲಿ ಅದರದೇ ಮೊದಲ ಸರದಿ; ಆದರೆ ಅಲ್ಲಿರುವುದಕ್ಕೆ ಡಿಸ್ಟ್ರಿಬ್ಯೂಷನ್ನಿನಿಂದ ಸೆಕ್ಯೂರಿಟಿ ಅಪ್‌ಡೇಟ್ ಬರುವುದಿಲ್ಲ. ಕೆಳಗೆ ಹೊಸದು ಬಂದು ಕೂತಿದ್ದರೂ ಮೇಲಿನ ಹಳೆಯದೇ ಓಡುತ್ತಿರುತ್ತದೆ. ನಾವೋ, ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವವರು, ಕೆಲವೊಮ್ಮೆ ದೇಶವನ್ನೇ. ನಾವು ಹಾಕಿದ್ದು ಅಲ್ಲಿದೆ ಅಂತ ಮುಂದೆ ಬರುವವರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ಈಗ ಗ್ನು ಸ್ಟೋ ಬಳಸಿ ಒಂದೊಂದು ಪ್ರೋಗ್ರಾಂಗೂ ಬೇರೆ ಡೈರೆಕ್ಟರಿ ಮಾಡುತ್ತೇನೆ, ತೆಗೆಯುವುದೂ ಸುಲಭ. ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲ್: ಏನು ಹಾಕಿದೆ, ಯಾವತ್ತು, ಯಾಕೆ, ಯಾವಾಗ ತೆಗೆಯಬಹುದು. ಪ್ರಶ್ನೆಗಳಿದ್ದರೆ ಕೇಳಿ, ಊಟ ಐದು ನಿಮಿಷ ತಡವಾದರೆ ಆಗಲಿ.