ಸಹಿ ಹಾಕುವ ಮೊದಲು
(ಮುಂಬಯಿಯ ಮಲಾಡ್‌ನಲ್ಲಿ ಕಾನೂನು ಮಾಹಿತಿ ಮೇಳವನ್ನು ಉದ್ಘಾಟಿಸಿ ಮಾಡಿದ ಭಾಷಣ)



ದೀಪ ಹಚ್ಚಿಯಾಯಿತು, ಶಾಲು ಹೊದಿಸಿದ್ದೂ ಆಯಿತು. ಒಬ್ಬೊಬ್ಬರ ಹೆಸರು ಹೇಳಿ ವಂದಿಸಹೊರಟರೆ ಹಿಂದಿನ ಕೋಣೆಯಲ್ಲಿಟ್ಟಿರುವ ಚಹಾ ಆರಿಹೋಗುತ್ತದೆ. ಎಲ್ಲರಿಗೂ ಒಟ್ಟಿಗೇ ನಮಸ್ಕಾರ. ಮುಂಬಯಿಯ ನ್ಯಾಯಾಂಗದ ಇಂದಿನ ಸ್ಥಿತಿಯ ಬಗ್ಗೆ ನಾನು ಮಾತಾಡುತ್ತೇನೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯ ನನ್ನದಲ್ಲ. ಬಾಡಿಗೆ, ಡಿಪಾಸಿಟ್ಟು, ಲೈಸೆನ್ಸು, ಖೋಲಿ ಖಾಲಿ ಮಾಡಿಸುವ ದಾವೆ, ಇವುಗಳಲ್ಲೇ ನನ್ನ ಕೂದಲು ಹಣ್ಣಾದದ್ದು.

ಹಾಗಂತ ಸುದ್ದಿಗೆ ಬರವಿಲ್ಲ. ಕೋರ್ಟಿನ ಕ್ಯಾಂಟೀನಿನಲ್ಲಿ ಕೂತರೆ ಮೊದಲು ಕಿವಿಗೆ ಬೀಳುವುದು ಹೈಕೋರ್ಟಿನ ಹೊಸ ಕಟ್ಟಡದ ಮಾತು. 1878ರಲ್ಲಿ ಕಟ್ಟಿ ಮುಗಿಸಿದ ಫೋರ್ಟಿನ ಆ ಕಲ್ಲಿನ ಕಟ್ಟಡ ಸಾಲದಾಗಿ, ಬಾಂದ್ರಾ ಪೂರ್ವದಲ್ಲಿ ಸುಮಾರು 30 ಎಕರೆ ಜಾಗ ಗೊತ್ತುಮಾಡಿದ್ದಾರೆ. 2025ರ ನವೆಂಬರ್ 5ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಗವಾಯಿಯವರು ಅಲ್ಲಿ ಶಿಲಾನ್ಯಾಸ ಮಾಡಿದರು. ಮಲಾಡ್‌ನವರಿಗೆ ಅದು ಹತ್ತಿರ. ಫೋರ್ಟಿನಲ್ಲಿ ಚೇಂಬರ್ ಇಟ್ಟುಕೊಂಡವರ ಮುಖ ಮಾತ್ರ ಸ್ವಲ್ಪ ಸಪ್ಪೆಯಾಗಿದೆ. ಅದಕ್ಕೂ ಮೊದಲು, ಅದೇ ವರ್ಷದ ಆಗಸ್ಟ್ 17ರಂದು, ಕೊಲ್ಹಾಪುರದಲ್ಲಿ ಹೈಕೋರ್ಟಿನ ಸಂಚಾರಿ ಪೀಠದ ಉದ್ಘಾಟನೆಯಾಯಿತು. ಸಾಂಗ್ಲಿ, ಸೊಲ್ಲಾಪುರ ಸೇರಿ ಆರು ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಇದು ಕನ್ನಡಿಗರ ಸುದ್ದಿಯೂ ಹೌದು. ಜತ್ತದ ರೈತ, ಅಕ್ಕಲಕೋಟೆಯ ವ್ಯಾಪಾರಿ ಮೇಲ್ಮನವಿ ಅಂದರೆ ರಾತ್ರಿ ರೈಲು ಹತ್ತಿ ಮುಂಬಯಿಗೆ ಬರುತ್ತಿದ್ದರು. ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಿಂದಿಳಿದು ನೇರ ಕೋರ್ಟಿಗೆ ಬಂದು, ತಾರೀಖು ಪಡೆದು ವಾಪಸು ಹೋದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಬಾಗಿಲಲ್ಲೇ ಚಂದಾವರಕರರ ಫೋಟೋ ಇಟ್ಟಿದ್ದೀರಿ, ಸಂತೋಷ. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1901ರಲ್ಲಿ ಈ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆಲ್ಲ ಇದೇ ಹೈಕೋರ್ಟು. ಇತಿಹಾಸ ಇಷ್ಟಕ್ಕೆ ಸಾಕು, ಉಳಿದದ್ದು ಒಳಗಿನ ಫಲಕಗಳಲ್ಲಿದೆ.

ನನಗೆ ಹೇಳಬೇಕಾದದ್ದು ಬೇರೆ. ಶಿಲಾನ್ಯಾಸದ ಫೋಟೋವನ್ನು ನೀವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೀರಿ. ಅದರ ಮರುದಿನ, ನವೆಂಬರ್ 6ರಂದು, ಅದೇ ಗವಾಯಿಯವರಿದ್ದ ಸುಪ್ರೀಂ ಕೋರ್ಟ್ ಪೀಠ ಒಂದು ತೀರ್ಪು ಕೊಟ್ಟಿತು. ನಮ್ಮ ವರ್ಲಿಯಲ್ಲಿ 2024ರಲ್ಲಿ ನಡೆದ ಕಾರು ಅಪಘಾತದ ಪ್ರಕರಣದಿಂದ ಹೋದ ಮೇಲ್ಮನವಿ ಅದು. ಯಾರನ್ನೇ ಬಂಧಿಸಲಿ, ಕಾರಣವನ್ನು ಬರವಣಿಗೆಯಲ್ಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕೂಡಲೇ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಬರೆದದ್ದನ್ನು ಅವನ ಕೈಗಿಡಬೇಕು. ಅಂದರೆ ಮಾಲ್ವಣಿಯಲ್ಲೋ ಕುರಾರಿನಲ್ಲೋ ನಮ್ಮ ಹುಡುಗನೊಬ್ಬನನ್ನು ಪೊಲೀಸರು ಹಿಡಿದರೆ, ಅವನಿಗೆ ಕನ್ನಡವೊಂದೇ ತಿಳಿಯುವುದಾದರೆ, ಕನ್ನಡದಲ್ಲೇ ಕಾಗದ ಸಿಗಬೇಕು. ಹೊಸ ಕಟ್ಟಡಕ್ಕಿಂತ ದೊಡ್ಡ ಸುದ್ದಿ ಇದು ಅನ್ನುವವನು ನಾನು.

ಆದರೆ ಬಂಧನವಾದವನಿಗೆ ಸಿಕ್ಕ ಈ ರಕ್ಷಣೆ ಕಾಗದಕ್ಕೆ ಸಹಿ ಹಾಕುವವನಿಗೆ ಇಲ್ಲ. ನನ್ನ ಸಂಕಟ ಇರುವುದು ಅಲ್ಲಿ.

ನಾನು ಮಲಾಡ್‌ಗೆ ಬಂದದ್ದು ವಕೀಲನಾಗಿ ಅಲ್ಲ, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗನಾಗಿ. ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಓದಲು ಬಂದದ್ದೇ ತಡ, ಗಲ್ಲೆಯ ಮೇಲೆ ಕೂರುತ್ತಿದ್ದ ಅಣ್ಣ ಬಂದ ಕಾಗದವನ್ನೆಲ್ಲ ನನ್ನ ಮುಂದೆ ಹಿಡಿಯುತ್ತಿದ್ದರು. ಒಂದು ದಿನ ಜಾಗದ ಸೇಠನ ವಕೀಲರಿಂದ ನೋಟಿಸು ಬಂತು. ಕಂಡಕ್ಟಿಂಗ್ ಕರಾರಿನ ಅವಧಿ ಮುಗಿದಿದೆ, ಬೀಗದ ಕೈ ಒಪ್ಪಿಸಿ ಅಂತ. ಅಣ್ಣನಿಗೆ ಅರ್ಥವೇ ಆಗಲಿಲ್ಲ. ಮೊದಲು ಕೊಟ್ಟ ದೊಡ್ಡ ಮೊತ್ತ ಪಗಡಿ, ಹೋಟೆಲು ಕೊನೆಯವರೆಗೂ ತನ್ನದೇ ಎಂದು ಅವರು ನಂಬಿದ್ದರು. ಟ್ರಂಕಿನಿಂದ ಕರಾರು ತೆಗೆಸಿ ಓದಿದೆ. ಅದು ಬರೀ ಡಿಪಾಸಿಟ್ಟು; ಇವರು ನಡೆಸುವವರು ಮಾತ್ರ, ಯಾವ ಬಾಡಿಗೆ ಹಕ್ಕೂ ಹುಟ್ಟುವುದಿಲ್ಲ ಎಂದಿತ್ತು. ಇಂಗ್ಲಿಷಿನ ಪ್ರತಿ ಪುಟದ ಕೆಳಗೂ ಅಣ್ಣನ ಸಹಿ, ಕನ್ನಡದಲ್ಲಿ, ದುಂಡಗೆ. ಧೋಬಿ ತಲಾವಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು, ಕೊನೆಗೆ ಅಷ್ಟಿಷ್ಟು ಹಣಕ್ಕೆ ರಾಜಿಯಾಗಿ ಅವರು ಕುಂದಾಪುರದ ಬಸ್ಸು ಹತ್ತಿದರು. ಅದನ್ನು ನೋಡಿ ವಕೀಲನಾದೆ ಎಂದರೆ ಭಾಷಣಕ್ಕೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಬೆಳಗಿನ ಲಾ ಕಾಲೇಜಿಗೆ ಫೀಸು ಕಡಿಮೆ ಇತ್ತು, ಮುಗಿಸಿ ಮಧ್ಯಾಹ್ನದ ಪಾಳಿಗೆ ಹೋಟೆಲು ಸೇರಬಹುದಿತ್ತು.

ಈಗ ಹಾಗೆಲ್ಲ ಇಲ್ಲ ಎಂದು ಮುಂದಿನ ಸಾಲಿನ ಯುವಕರು ಅಂದುಕೊಳ್ಳುತ್ತಿರಬಹುದು. ಈಗ ಇನ್ನೂ ಸುಲಭ. ಏಜೆಂಟ್ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ಫೋಟೋ ತೆಗೆದ, ಬೆರಳು ಒತ್ತಿಸಿಕೊಂಡ, ಲೀವ್ ಅಂಡ್ ಲೈಸೆನ್ಸ್ ನೋಂದಣಿಯ ಕೆಲಸ ಮುಗಿಸಿಕೊಂಡು ಹೊರಟ. ಮೈಂಡ್‌ಸ್ಪೇಸಿನ ಕಂಪನಿಗಳಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುವ ಮಕ್ಕಳೂ ಆ ಕರಾರು ಓದಿರುವುದಿಲ್ಲ. ಲಾಕ್-ಇನ್ ಅವಧಿಯೊಳಗೆ ಮನೆ ಬಿಟ್ಟರೆ ಡಿಪಾಸಿಟ್ಟಿನಲ್ಲಿ ಎಷ್ಟು ಮುರಿಯುತ್ತಾರೆ ಎಂದು ಕೇಳಿ ನೋಡಿ. ವಾಸದ ಮನೆಯ ಲೈಸೆನ್ಸು ಮುಗಿದ ಮೇಲೂ ಅಲ್ಲೇ ಉಳಿದರೆ, ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಂ ಪ್ರಕಾರ ತಿಂಗಳ ಹಣದ ಎರಡರಷ್ಟು ತೆರಬೇಕಾಗುತ್ತದೆ. ಇದು ಎಷ್ಟು ಜನಕ್ಕೆ ಗೊತ್ತು? ಅದೇ ಕಾಯ್ದೆಯಲ್ಲಿ ನಮ್ಮ ಪರವಾದ ಮಾತೂ ಇದೆ. 55ನೇ ಕಲಂ ಪ್ರಕಾರ ಕರಾರನ್ನು ನೋಂದಾಯಿಸುವ ಹೊಣೆ ಮಾಲೀಕನದು. ನೋಂದಾಯಿಸದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಅದು ಸುಳ್ಳೆಂದು ಮಾಲೀಕನೇ ರುಜುವಾತು ಮಾಡಬೇಕು. ನೋಂದಣಿಯಾದ ಮೇಲೆ ಈ ಆಸರೆಯೂ ಇಲ್ಲ. ಕೋರ್ಟಿನಲ್ಲಿ ಎದುರು ವಕೀಲರ ಮೊದಲ ಪ್ರಶ್ನೆ, ಈ ಸಹಿ ನಿಮ್ಮದೇ ತಾನೆ? ಹೌದೆಂದರೆ ಅರ್ಧ ಕೇಸು ಅಲ್ಲಿಗೇ ಮುಗಿಯಿತು.

ಕೇಸು ಬಂದ ಮೇಲೆ ನೆರವಿಗೆ ದಾರಿಗಳಿವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕೆಲಸಗಾರರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಪಕ್ಕದ ದಿಂಡೋಶಿ ಕೋರ್ಟಿನಲ್ಲಿ ಕೇಳಿ, ಸಂಕೋಚ ಬೇಡ. ಅಕ್ಕಂದಿರು ಮುಖ್ಯವಾಗಿ ಕೇಳಿಸಿಕೊಳ್ಳಿ. ಆದರೆ ಸಹಿಗೆ ಮೊದಲು ಕಾಗದ ಓದಿ ಹೇಳುವವರು ಯಾರು?

ಅದಕ್ಕೇ ಒಂದು ಬೇಡಿಕೆ. ಈ ಮೇಳ ನಾಳೆ ಸಂಜೆ ಮುಗಿದ ಮೇಲೂ ಒಂದು ಮೇಜು, ಎರಡು ಕುರ್ಚಿ ಇಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಇಬ್ಬರು ವಕೀಲರು ಕೂತು, ಯಾರು ಯಾವ ಕಾಗದ ತಂದರೂ ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಲಿ. ಸಲಹೆ ಬೇಡ, ವಕಾಲತ್ತು ಬೇಡ, ಫೀಸಂತೂ ಬೇಡವೇ ಬೇಡ. ಅಲ್ಲಿ ಕಕ್ಷಿದಾರರನ್ನು ಹಿಡಿಯುವ ವಕೀಲರಿದ್ದರೆ ಮೊದಲ ವಾರವೇ ಎಬ್ಬಿಸಿ ಕಳಿಸಿ. ಮೊದಲ ತಿಂಗಳ ಭಾನುವಾರಗಳಿಗೆ ನನ್ನ ಹೆಸರು ಬರೆದುಕೊಳ್ಳಿ. ಎರಡನೇ ಕುರ್ಚಿಗೆ ಯಾರು ಎಂಬುದನ್ನು ಇಲ್ಲಿರುವ ಕಿರಿಯ ವಕೀಲರು ಚಹಾ ಕುಡಿಯುವುದರೊಳಗೆ ಕಾರ್ಯದರ್ಶಿಯವರಿಗೆ ಹೇಳಬೇಕು. ಮೇಳ ಉದ್ಘಾಟನೆಯಾಗಿದೆ.